ನೆರಳು ಬಿದ್ದ ದಿಕ್ಕು

ನೆರಳು ಸುಳ್ಳು ಹೇಳುತ್ತದೆಯೇ?

ಇಲ್ಲ... ಮನುಷ್ಯ ಹೇಳಬಹುದು, ನೆರಳು ಹೇಳಲಾರದು. ಸೂರ್ಯ ಒಬ್ಬನೇ ಇರುವಾಗ ಎಲ್ಲ ನೆರಳೂ ಒಂದೇ ದಿಕ್ಕಿಗೆ ಬೀಳಬೇಕು. ಹಾಗಿದ್ದರೆ ಈ ಕಲ್ಲಿನ ನೆರಳು ಅತ್ತ ಏಕೆ ಹೋಗಿದೆ? ಆ ಮನುಷ್ಯನ ನೆರಳು ಇತ್ತ ಏಕೆ ವಾಲಿದೆ? ಊರಲ್ಲಿ ಜನ ಅನ್ನುವುದೇ ನಿಜವೇನೋ. ಎಲ್ಲೋ ಒಂದು ದೊಡ್ಡ ಕೋಣೆಯಲ್ಲಿ ಉಸುಕು ಸುರಿದು, ದೀಪ ಹಚ್ಚಿ ತೆಗೆದ ಚಿತ್ರವೇನೋ. ಈ ಫೋಟೋ ಸುಳ್ಳಾದರೆ... ಮತ್ತೆ ಯಾವ ಫೋಟೋವನ್ನು ನಂಬುವುದು?

ಪದ್ಮವ್ವ ಗೋಡೆಯ ಮೇಲಿನ ಚಿತ್ರಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತಿದ್ದಳು.

ಅದು ೧೯೭೪. ಬಾಗಲಕೋಟೆಯ ಕಾಲೇಜೊಂದರ ಸಭಾಂಗಣದಲ್ಲಿ ಚಂದ್ರನ ಮೇಲೆ ತೆಗೆದ ಫೋಟೋಗಳ ಪ್ರದರ್ಶನ ಇಟ್ಟಿದ್ದರು. ಮರುದಿನ ಅಲ್ಲೇ ಚರ್ಚಾಸ್ಪರ್ಧೆ. ಮನುಷ್ಯ ಚಂದ್ರನ ಮೇಲೆ ಇಳಿದನೋ ಇಲ್ಲವೋ ಎಂಬ ಸಂಶಯವನ್ನು ಫೋಟೋಗಳು ತೀರಿಸಬಲ್ಲವೇ ಎಂಬುದು ವಿಷಯ. ಬಿ.ಎ. ಓದುತ್ತಿದ್ದ ಪದ್ಮವ್ವ, ತೀರಿಸಬಲ್ಲವು ಎಂದು ವಾದಿಸಬೇಕಿತ್ತು.

"ನೆರಳ ಬಿಡ್ರಿ. ನೆಲಾ ನೋಡ್ರಿ."

ಹಿಂದಿನಿಂದ ಬಂದ ದನಿಗೆ ಬೆಚ್ಚಿ ತಿರುಗಿದಳು. ತೆಳ್ಳಗಿನ ಹುಡುಗ. ಬೆರಳ ತುದಿಗಳು ಏನೋ ಔಷಧಿ ತಾಗಿದಂತೆ ಕಂದಾಗಿದ್ದವು.

"ಏನಂದ್ರಿ?"

"ಆ ಕಲ್ಲ ಇಳಿಜಾರಿನ್ಯಾಗ ಐತಿ. ಮನಷ್ಯಾ ದಿನ್ನಿ ಮ್ಯಾಲೆ ನಿಂತಾನ. ನೆಲಾ ವಾರಿ ಆದ್ರ ನೆರಳೂ ವಾರಿ ಕಾಣತೈತಿ. ಸೂರ್ಯಾ ಒಬ್ಬನ ಅದಾನ, ಹೆದರಬ್ಯಾಡ್ರಿ."

ಪದ್ಮವ್ವ ಮತ್ತೆ ಚಿತ್ರ ನೋಡಿದಳು. ಹೌದಲ್ಲ... ಎದೆಯ ಮೇಲಿಂದ ಯಾರೋ ಕಲ್ಲು ಇಳಿಸಿದಂತಾಯಿತು.

"ನೀವ್ಯಾರು?"

"ತಿಮ್ಮಣ್ಣ ಅಂತ. ಇಳಕಲ್ಲಿನವ, ಇಲ್ಲೇ ಓದತೇನಿ. ನಾಳಿ ನಿಮ್ಮ ವಿರುದ್ಧ ಮಾತಾಡಂವ ನಾನ."

"ಮತ್ತ ನನಗ್ಯಾಕ ಹೇಳಿಕೊಟ್ರಿ?"

ಅವನು ಮೆಲ್ಲಗೆ ಹೇಳಿದ: "ಚರ್ಚಾಸ್ಪರ್ಧೆ ಸಲುವಾಗಿ ಯಾರೂ ಹಿಂಗ ಅಳೂಹಂಗ ನಿಂದ್ರೂದಿಲ್ರಿ. ನಿಮ್ಮದೇನೋ ಬ್ಯಾರೇನ ಐತಿ ಅನಸ್ತು."

ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೇನೋ ಬಂತು. ತಿರುಗಿ ಹೊರಟುಹೋದಳು.

ಮರುದಿನ ಸಭಾಂಗಣ ತುಂಬಿತ್ತು. ಪದ್ಮವ್ವ ನೆರಳಿನ ಮಾತು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಹುಲ್ಲಪ್ಪ ಎಂಬ ಹುಡುಗ ಎದ್ದು ನಿಂತ. ಕಾಲೇಜಿನಲ್ಲಿ ಎಲ್ಲರನ್ನೂ ಕೆಣಕುವುದು ಅವನ ಕೆಲಸ.

"ಅಲ್ರೀ ಅಕ್ಕಾರ, ಅಲ್ಲಿ ಗಾಳೀನ ಇಲ್ಲಂತೀರಿ. ಬಾವುಟ ಮಾತ್ರ ಪಟಪಟ ಹಾರಾಕತ್ತೈತಿ. ಯಾರರ ಊದಿದ್ರೇನು?"

ಸಭೆ ನಕ್ಕಿತು. ಪದ್ಮವ್ವ ನಗಲಿಲ್ಲ.

"ಬಾವುಟದ ಮ್ಯಾಲಿನ ಅಂಚಿಗೆ ಅಡ್ಡ ಕೋಲ ಐತಿ, ಹುಲ್ಲಪ್ಪಾ. ಮಡಚಿ ಒಯ್ದ ಅರಿವಿ ಅದು, ಮಡಿಕಿ ಹಂಗ ಉಳದಾವು. ನಿನ್ನ ಅಂಗಿ ನೋಡ್ಕೊ, ಗಾಳಿ ಇಲ್ಲದನ ಎಷ್ಟ ಮಡಿಕಿ ಅದಾವು."

ಈ ಸಲ ಸಭೆ ಹುಲ್ಲಪ್ಪನನ್ನು ನೋಡಿ ನಕ್ಕಿತು.

ತಿಮ್ಮಣ್ಣನ ಸರದಿ ಬಂದಾಗ ಅವನು ವಿಚಿತ್ರವಾದ ಮಾತು ಆಡಿದ. "ಮನಷ್ಯಾ ಚಂದ್ರನ ಮ್ಯಾಲೆ ಹೋಗ್ಯಾನ ಅಂತ ನಾನೂ ನಂಬತೇನ್ರಿ. ಆದ್ರ ಫೋಟೋ ನೋಡಿ ಅಲ್ಲ. ಸೂಟಿ ಇದ್ದಾಗ ಇಳಕಲ್ಲಿನ್ಯಾಗ ನಾ ಫೋಟೋ ಅಂಗಡ್ಯಾಗ ಕೆಲಸಾ ಮಾಡತೇನಿ. ಸತ್ತ ಅಜ್ಜನ್ನ ಮೊಮ್ಮಕ್ಕಳ ನಡಕ ಕುಂಡ್ರಿಸಿ ಕೊಟ್ಟೇನಿ. ಅವರು ಅದನ್ನ ಗ್ವಾಡಿಗೆ ಹಾಕ್ಕೊಂಡಾರ. ಫೋಟೋ ಸಂಶೇ ತೀರಸೂದಿಲ್ರಿ. ಅದನ್ನ ತಂದ ಕೊಟ್ಟವರ ಮ್ಯಾಲೆ ನಮಗ ನಂಬಿಕಿ ಇರತೈತಿ, ಅದು ತೀರಸತೈತಿ."

ಬಹುಮಾನ ಪದ್ಮವ್ವಳಿಗೆ ಬಂತು. ಆದರೆ ಹಾಸ್ಟೆಲಿನ ಕೋಣೆಗೆ ಹೋದ ಮೇಲೂ ಅವನ ಮಾತು ಕಿವಿಯಲ್ಲಿ ಉಳಿಯಿತು. ಸೋತವನ ಮಾತು ಹೀಗೆ ಯಾಕೆ ಬೆನ್ನು ಹತ್ತಬೇಕು?

* * *

ಅವಳ ದುಃಖ ಏನೆಂದು ತಿಮ್ಮಣ್ಣನಿಗೆ ಗೊತ್ತಾದದ್ದು ಬಾದಾಮಿಯಲ್ಲಿ.

ಕಾಲೇಜಿನವರು ಗುಹೆ ನೋಡಲು ಹೋಗಿದ್ದರು. ಉಳಿದವರೆಲ್ಲ ಮೇಲೆ ಹತ್ತಿದಾಗ ಪದ್ಮವ್ವ ಕೆರೆಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಳು. ತಿಮ್ಮಣ್ಣ ಬಂದು ಸ್ವಲ್ಪ ದೂರದಲ್ಲಿ ಕುಳಿತ. ಕೆಂಪು ಬಂಡೆಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು.

ಅವನು ಕೇಳಲಿಲ್ಲ. ಅವನು ಕೇಳಲಿಲ್ಲವೆಂದೇ ಅವಳು ಹೇಳಿದಳು.

ಅವರ ಊರು ಹುನಗುಂದದ ಕಡೆಯ ರಾಮಥಾಳ. ಅಪ್ಪ ಇಲ್ಲ. ಅವ್ವ ಬೋರವ್ವ ಕುರಿ ಸಾಕುತ್ತಾಳೆ. ಅಣ್ಣ ಕನಕಪ್ಪ ಗೋವಾದ ವಾಸ್ಕೋದಲ್ಲಿ ಅದಿರು ಸಾಗಿಸುವ ದೋಣಿಯ ಕೆಲಸಕ್ಕೆ ಹೋದವನು. ತಂಗಿ ಓದಲಿ ಎಂದೇ ಹೋದವನು. ಒಂದು ವರ್ಷಕ್ಕೂ ಮೇಲಾಯಿತು, ಸುದ್ದಿ ಇಲ್ಲ.

"ಮನ್ಯಾಗ ಅವ್ವ ಇನ್ನೂ ಅಂವಗ ಉಣ್ಣಾಕ ಗಂಗಾಳ ಹಚ್ಚತಾಳ," ಎಂದಳು ಪದ್ಮವ್ವ. "ಉಣ್ಣಾಕ ಕುಂತಾಗ ಹೊರಗ ಕೆಮ್ಮಿದ್ಹಂಗ ಆಕ್ಕೇತಿ. ನಾ ಎದ್ದ ಹೋಗಿ ನೋಡತೇನಿ. ಯಾರೂ ಇರೂದಿಲ್ಲ. ಅಂವಂದ ಕೆಮ್ಮ ನಂಗ ಗೊತ್ತೈತ್ರಿ..."

ತಿಮ್ಮಣ್ಣ ನೀರು ನೋಡುತ್ತ ಕುಳಿತಿದ್ದ.

"ಈ ಪರೀಕ್ಷಾ ಬರಿಯೂದಿಲ್ಲ ನಾ. ಸಾಲಿ ಬಿಟ್ಟ ವಾಸ್ಕೋಕ ಹೋಗ್ತೇನಿ. ಹುಡುಕತೇನಿ. ಅಣ್ಣ ಸಿಗೂತನಕ ನಂಗ ಓದೂ ಬ್ಯಾಡ, ಮದವಿ ಸಂಸಾರನೂ ಬ್ಯಾಡ."

"ಒಬ್ಬಾಕೀನ?"

"ಒಬ್ಬಾಕೀನ."

"ಸಿಗದಿದ್ರ?"

"ಅಂವ ಎಲ್ಲರ ನಿಂತದ್ದ ಒಂದ ಫೋಟೋ ಸಿಕ್ಕರೂ ಸಾಕು. ನಂಬಿ ತಿರಗಿ ಬರ್ತೇನಿ. ನೀವು ನಗತಿದ್ರ ನಗರಿ."

ಅವನು ನಗಲಿಲ್ಲ. "ನಿಮ್ಮವ್ವಗ ಹೇಳೀರೇನು?" ಎಂದಷ್ಟೇ ಕೇಳಿದ.

"ಹೇಳೇನಿ. ಆಕಿ ಮಾತಾಡಲಿಲ್ಲ. ಹಟ್ಟ್ಯಾಗ ಹೋಗಿ ಕುರಿ ನಡಕ ಕುಂತ್ಲು."

* * *

ಮುಂದೆ ಬಂದ ಹಬ್ಬಕ್ಕೆ ಊರಿಗೆ ಹೋದಾಗ ಬೋರವ್ವ ಉಣ್ಣೆಯ ಬುಟ್ಟಿಯಿಂದ ಒಂದು ಫೋಟೋ ತೆಗೆದು ಮಗಳ ಕೈಯಲ್ಲಿಟ್ಟಳು.

"ವಾಸ್ಕೋದಾಗ ಇರತಾನಲ್ಲ, ನಮ್ಮ ಅಮಾತೆಪ್ಪ... ಬಂದಿದ್ದ. ನಿಮ್ಮಣ್ಣ ಕೊಟ್ಟ ಕಳಿಸ್ಯಾನಂತ."

ಪದ್ಮವ್ವ ಅದನ್ನು ಬೆಳಕಿಗೆ ಹಿಡಿದಳು. ಬಂದರಿನ ಕಟ್ಟೆ. ಹಿಂದೆ ಹಡಗುಗಳು. ಮುಂದೆ ಕನಕಪ್ಪ... ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ.

ಅವಳ ಕಣ್ಣು ಮೊದಲು ಹೋದದ್ದು ನೆರಳಿನ ಮೇಲೆ. ಕಂಬದ ನೆರಳು ಎಡಕ್ಕೆ ಬಿದ್ದಿತ್ತು. ಕನಕಪ್ಪನ ನೆರಳೂ ಎಡಕ್ಕೇ ಬಿದ್ದಿತ್ತು. ಮುಖದ ಬಲಭಾಗದಲ್ಲಿ ಬೆಳಕು, ಎಡಭಾಗದಲ್ಲಿ ಕತ್ತಲು. ಎಲ್ಲವೂ ಸರಿಯಾಗಿತ್ತು.

ಆಮೇಲೆ ಮುಖ ನೋಡಿದಳು. ಅಣ್ಣನೇ. ಆದರೂ ಏನೋ ಒಂದು ಬೇರೆ... ತಾನು ಬಲ್ಲ ಮುಖದ ಒಳಗೆ ಇನ್ನೊಬ್ಬ ನಿಂತು ನೋಡುತ್ತಿರುವ ಹಾಗೆ. ಸಮುದ್ರದ ನೀರು, ಗಾಳಿ, ದುಡಿತ. ಮುಖ ಬದಲಾಗದೆ ಇರುತ್ತದೆಯೇ, ಎಂದು ತನಗೆ ತಾನೇ ಹೇಳಿಕೊಂಡಳು.

"ನೀ ಓದಿದಾಕಿ," ಎಂದಳು ಬೋರವ್ವ, ಮಗಳ ಮುಖವನ್ನೇ ನೋಡುತ್ತ. "ಖರೆ ಐತೇನ ನೋಡ."

"ಖರೆ ಐತಿ ಅವ್ವಾ. ಅಣ್ಣ ಚಂದ ಅದಾನ. ದಪ್ಪ ಆಗ್ಯಾನ ನೋಡ."

"ಹಂಗಾರ ಪರೀಕ್ಷಾ ಬರಿ," ಎಂದಳು ಬೋರವ್ವ. ಎದ್ದು ಕುರಿಹಟ್ಟಿಯ ಕಡೆಗೆ ಹೋದಳು. ಫೋಟೋವನ್ನು ಇನ್ನೊಮ್ಮೆ ನೋಡಲು ಕೇಳಲಿಲ್ಲ.

ರಜೆ ಮುಗಿಸಿ ಬಂದವಳು ಅದನ್ನು ತಿಮ್ಮಣ್ಣನ ಮುಂದೆ ಹಿಡಿದಳು. ಅವಳ ಕಣ್ಣುಗಳಲ್ಲಿ ಅಂಥ ಬೆಳಕನ್ನು ಅವನು ಅದುವರೆಗೆ ಕಂಡಿರಲಿಲ್ಲ.

"ನೋಡ್ರಿ. ನೀವು ಸೋತ್ರಿ."

ಅವನು ಫೋಟೋ ಮುಟ್ಟಲಿಲ್ಲ. ನೋಡಿದ, ಬಹಳ ಹೊತ್ತು ನೋಡಿದ.

"ಸೋತೆ," ಎಂದ.

"ಇಷ್ಟ ಸಲೀಸ ಒಪ್ಪತೀರೇನು?"

"ನೀವು ನಕ್ಕರಲ್ಲ... ಇನ್ನ ವಾದ ಯಾಕ ಬೇಕು."

ಅವಳು ತಲೆ ತಗ್ಗಿಸಿದಳು. ಅಂದಿನಿಂದ ಅವರ ನಡುವೆ ಒಂದು ಹೆಸರಿಲ್ಲದ ಸಂಗತಿ ಬೆಳೆಯಿತು. ಗ್ರಂಥಾಲಯದ ಬಾಗಿಲು, ಬಸ್ ನಿಲ್ದಾಣದ ಬೇವಿನ ಮರ, ಹಳೇ ಪೇಟೆಯ ಚಹಾದಂಗಡಿಯ ಮುಂದಿನ ರಸ್ತೆ. ಮಾತಿಗಿಂತ ಮೌನವೇ ಹೆಚ್ಚಿನ ಭೇಟಿಗಳು.

ಕೆಲವೊಮ್ಮೆ ಅವನು ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದ. "ನಿಮಗೊಂದ ಮಾತ ಹೇಳಬೇಕು, ಪದ್ಮಾ..."

ಅವಳೂ ನಿಲ್ಲುತ್ತಿದ್ದಳು. "ಹೇಳ್ರಿ."

"...ಇವತ್ತ ಬಿಸಲ ಭಾಳ ಐತಿ."

"ಇದನ್ನ ಹೇಳಾಕ ಇಷ್ಟ ತ್ರಾಸ ಆತೇನು?"

ಅವನು ನಗುತ್ತಿದ್ದ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಪ್ರೀತಿಯ ಮಾತು ಬಾಯಿಗೆ ಬರುತ್ತಿಲ್ಲ ಎಂದುಕೊಂಡು ಅವಳು ಕಾದಳು. ಕಾಯುವುದರಲ್ಲೇ ಸುಖವಿತ್ತು.

* * *

ಬಿ.ಎ. ಮುಗಿಯಿತು. ಶಿಕ್ಷಕಿಯ ತರಬೇತಿಯೂ ಮುಗಿಯಿತು. ಹುನಗುಂದದ ಒಂದು ಶಾಲೆಯಲ್ಲಿ ಪದ್ಮವ್ವಳಿಗೆ ಕೆಲಸ ಸಿಕ್ಕಿತು. ತಿಮ್ಮಣ್ಣನ ಬಗ್ಗೆ ಅವ್ವನಿಗೆ ಹೇಳಿದಳು.

"ಜಾತಿ ಬ್ಯಾರೆ ಐತಿ ಅವ್ವಾ."

"ಗೊತ್ತೈತಿ," ಎಂದಳು ಬೋರವ್ವ. "ಹುಡುಗ ಚಲೋ ಅದಾನ."

ಅವ್ವ ಅವನನ್ನು ಎಲ್ಲಿ ನೋಡಿದಳು ಎಂದು ಪದ್ಮವ್ವ ಕೇಳಲಿಲ್ಲ. ಸಂತೋಷದಲ್ಲಿ ಆ ಪ್ರಶ್ನೆ ಹುಟ್ಟಲೇ ಇಲ್ಲ.

ಕನಕಪ್ಪನ ಫೋಟೋ ಗೋಡೆಯ ಮೇಲಿತ್ತು. ಇನ್ನೊಂದು ಸುದ್ದಿ ಬರಲಿಲ್ಲ, ಆದರೂ ಅವನು ಇದ್ದಾನೆ ಎಂಬ ಧೈರ್ಯವಿತ್ತು. ಒಂದು ವಿಷಯ ಮಾತ್ರ ಅವಳನ್ನು ಕಾಡುತ್ತಿತ್ತು. ಸಂಜೆ ದೀಪ ಹಚ್ಚುವಾಗ ಅವ್ವ ಆ ಗೋಡೆಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಮಗನ ಮುಖ ನೋಡುತ್ತಿರಲಿಲ್ಲ. ಮತ್ತು ಗಂಗಾಳ... ಫೋಟೋ ಬಂದ ದಿನದಿಂದ ಬೋರವ್ವ ಕನಕಪ್ಪನಿಗೆ ಗಂಗಾಳ ಹಚ್ಚುವುದನ್ನು ಬಿಟ್ಟಿದ್ದಳು.

ಆ ಬೇಸಿಗೆಯಲ್ಲಿ ದೊಡ್ಡಪ್ಪ ಹನಮಂತಪ್ಪ ತೀರಿಕೊಂಡ.

ಅಂಗಳದಲ್ಲಿ ಹೆಣ ಎತ್ತುವ ಹೊತ್ತು. ಮನೆತನದ ಗಂಡಸರು ನಾಲ್ಕೂ ಮೂಲೆಗೆ ನಿಂತರು. ಹಿರಿಯನೊಬ್ಬ ಕೂಗಿದ: "ಕಂಬಳಿ ಬದಲ ಮಾಡ್ರಿ."

ಎಲ್ಲರೂ ಎಡ ಹೆಗಲ ಮೇಲಿದ್ದ ಕಂಬಳಿಯನ್ನು ತೆಗೆದು ಬಲ ಹೆಗಲಿಗೆ ಹಾಕಿಕೊಂಡರು.

ಅದು ಅವರ ಮನೆತನದ ನಡಾವಳಿ. ಗಂಡಸರು ಕಂಬಳಿಯನ್ನು ಎಂದೂ ಎಡ ಹೆಗಲ ಮೇಲೇ ಹಾಕುತ್ತಾರೆ. ಸಾವಿನ ದಿನ ಮಾತ್ರ ಬಲಕ್ಕೆ. ಬೀರಪ್ಪನ ಗುಡಿಗೆ ಹೋಗಿ ಭಂಡಾರದ ಅರಿಶಿನ ಹಚ್ಚಿಕೊಂಡ ಮೇಲೆ ಮತ್ತೆ ಎಡಕ್ಕೆ. ಬಲ ಹೆಗಲಿಗೆ ಕಂಬಳಿ ಹಾಕಿದ ಸಣ್ಣ ಹುಡುಗನಿಗೂ ಏಟು ಬೀಳುವ ಮನೆ ಅದು.

ಪದ್ಮವ್ವ ನೋಡುತ್ತಲೇ ನಿಂತಳು.

ಬಲ ಹೆಗಲು...

ಹೆಂಗಸರ ಅಳುವಿನ ನಡುವೆ ಎದ್ದು ಮನೆಗೆ ಬಂದಳು. ಗೋಡೆಯ ಮುಂದೆ ನಿಂತಳು.

ಬಂದರಿನ ಕಟ್ಟೆಯ ಮೇಲೆ ಕನಕಪ್ಪ ನಿಂತಿದ್ದ. ನೆರಳು ಸರಿಯಾದ ದಿಕ್ಕಿಗೇ ಬಿದ್ದಿತ್ತು. ಕಂಬಳಿ ಬಲ ಹೆಗಲ ಮೇಲಿತ್ತು.

ಇಷ್ಟು ವರ್ಷ ನಾನು ನೆರಳನ್ನೇ ನೋಡಿದ್ದೆ. ಅಣ್ಣನನ್ನು ನೋಡಿರಲಿಲ್ಲ.

ಮುಖ ಯಾಕೆ ಬೇರೆ ಕಂಡಿತ್ತೆಂದು ಈಗ ತಿಳಿಯಿತು. ಅದು ಕನ್ನಡಿಯೊಳಗಿನ ಕನಕಪ್ಪ. ಎಡ ಬಲವಾಗಿದ್ದ, ಬಲ ಎಡವಾಗಿದ್ದ. ಯಾರೋ ಫಿಲ್ಮನ್ನು ಮಗುಚಿ ಹಾಕಿದ್ದರು. ಹಾಗೆ ಮಗುಚಲು ಬಲ್ಲವನು ಯಾರೆಂದು ಅವಳಿಗೆ ಗೊತ್ತಿತ್ತು.

* * *

ಇಳಕಲ್ಲಿನ ಪೇಟೆಯಲ್ಲಿ ಲಾಡಸಾಬನ ಫೋಟೋ ಅಂಗಡಿ. ಒಂದು ಮಧ್ಯಾಹ್ನ ಪದ್ಮವ್ವ ಒಳಗೆ ಬಂದಾಗ ತಿಮ್ಮಣ್ಣ ಕಿಟಕಿಯ ಬೆಳಕಿನಲ್ಲಿ ಕುಳಿತು ಯಾರದೋ ಮದುವೆಯ ಚಿತ್ರ ತಿದ್ದುತ್ತಿದ್ದ. ಅವಳ ಕೈಯಲ್ಲಿದ್ದುದನ್ನು ನೋಡಿ ಕುಂಚ ಕೆಳಗಿಟ್ಟ.

ಮುದುಕ ಲಾಡಸಾಬ ಇಬ್ಬರ ಮುಖವನ್ನೂ ನೋಡಿದ. "ನಾ ಚಾ ಕುಡದ ಬರ್ತೇನಿ," ಎಂದು ಹೊರಗೆ ಹೋದ.

"ಇದು ನೀವು ಮಾಡಿದ್ದೇನು?"

"ಹೌದ್ರಿ."

ಅವನು ಅಲ್ಲಗಳೆಯುತ್ತಾನೆಂದು ಅವಳು ದಾರಿಯುದ್ದಕ್ಕೂ ಆಸೆಪಟ್ಟಿದ್ದಳು.

"ಹೆಂಗ?"

"ನಿಮ್ಮಣ್ಣ ಗೋವಾಕ ಹೋಗೂ ಮುಂದ ಇಲ್ಲೇ ಫೋಟೋ ತಗಿಸಿದ್ರು. ಲಾಡಸಾಬ ಕಾಕಾ ಯಾವಾಗೂ ಎರಡ ತಗೀತಾನ, ಕುಂತದ್ದೊಂದು, ನಿಂತದ್ದೊಂದು. ಕುಂತದ್ದನ್ನ ನೀವು ಒಯ್ದಿದ್ರಿ. ನಿಂತದ್ದು ಡಬ್ಬ್ಯಾಗ ಉಳದಿತ್ತು. ಬಂದರಿಂದು ಬ್ಯಾರೆ ಚಿತ್ರ ಇತ್ತು. ಅದರಾಗ ಬೆಳಕ ಇನ್ನೊಂದ ಬಾಜೂದಿಂದ ಬಂದಿತ್ತು. ಅದಕ್ಕ..."

"ಅದಕ್ಕ ನಮ್ಮಣ್ಣನ್ನ ತಿರುವಿ ಹಾಕಿದ್ರಿ. ನಾ ನೆರಳ ನೋಡತೇನಿ ಅಂತ ಗೊತ್ತಿತ್ತು ನಿಮಗ."

ಅವನು ಹೌದೆಂದು ತಲೆಯಾಡಿಸಿದ.

"ಅಣ್ಣ ಅದಾನೇನು?"

ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅದು ದೂರವಾಗುವತನಕ ಅವನು ಕಾದ.

"ಇಲ್ಲ ಪದ್ಮಾ. ಮಳಿಗಾಲದಾಗ ದೋಣಿ ಮುಳುಗಿತ್ತಂತ. ಹೆಣ ಸಿಗಲಿಲ್ಲಂತ."

"ಈ ಫೋಟೋ ಮಾಡೂ ಮುಂದ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳಿಗೆ ಕಾಲ ಕೆಳಗಿನ ನೆಲ ಇಳಿಜಾರಾದಂತೆ ಅನ್ನಿಸಿತು. ಕುರ್ಚಿ ಹಿಡಿದುಕೊಂಡಳು. "ಅಮಾತೆಪ್ಪ ಹೇಳಿದನೇನು? ಯಾರ ಮಾಡಿಸಿದ್ರು ಇದನ್ನ? ಹೇಳ್ರಿ, ಯಾರು?"

ತಿಮ್ಮಣ್ಣ ತನ್ನ ಕಂದಾದ ಬೆರಳುಗಳನ್ನು ನೋಡಿಕೊಂಡ.

"ನಾನ ಮಾಡಿದೆ," ಎಂದ.

"ಯಾಕ? ಚರ್ಚಾದಾಗ ಸೋತದ್ದಕ್ಕೇನು? ನಾ ಸಾಲಿ ಬಿಟ್ಟ ಹೋದ್ರ ನಿಮ್ಮ ಕೈ ತಪ್ಪತೇನಿ ಅಂತೇನು? ನಮ್ಮವ್ವಗೂ ಇದನ್ನ ಖರೆ ಅಂತ ನಂಬಿಸಿದ್ರಿ. ಆಕಿ ಗಂಗಾಳ ಹಚ್ಚೂದ ಬಿಟ್ಲು ತಿಮ್ಮಣ್ಣಾ... ಮಗಾ ಎಲ್ಲೋ ಹೊಟ್ಟಿ ತುಂಬ ಉಣ್ಣಾಕತ್ತಾನ ಅಂತ ಬಿಟ್ಲು."

ಅವನು ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

"ತಪ್ಪಾತು," ಎಂದ.

"ಇನ್ನ ನನ್ನ ಮುಂದ ಬರಬ್ಯಾಡ್ರಿ."

ಅವನು ಬರಲಿಲ್ಲ. ಒಂದು ಮಾತು ಹೇಳಿ ಕಳಿಸಲೂ ಇಲ್ಲ. ಅವಳು ಹೇಳಿದ್ದನ್ನು ಹಾಗೇ ನಡೆಸಿಕೊಟ್ಟ. ಅದಕ್ಕೂ ಅವಳಿಗೆ ಸಿಟ್ಟು ಬಂತು.

* * *

ಅಣ್ಣ ಇಲ್ಲವೆಂದು ಅವ್ವನಿಗೆ ತಾನೇ ಹೇಳಿದಳು. ಬೋರವ್ವ ಚೀರಲಿಲ್ಲ. ಮಗಳ ತಲೆಯನ್ನು ಎದೆಗೊತ್ತಿಕೊಂಡು ನೇವರಿಸಿದಳು. ಸಮಾಧಾನ ಮಾಡಬೇಕಾದವಳು ತಾನು, ಮಾಡಿಸಿಕೊಳ್ಳುತ್ತಿರುವವಳೂ ತಾನೇ ಎಂದು ಪದ್ಮವ್ವಳಿಗೆ ಆಗ ಹೊಳೆಯಲಿಲ್ಲ.

ವರ್ಷಗಳು ಹೋದವು. ಪದ್ಮವ್ವ ಹುನಗುಂದದಲ್ಲಿ ಮನೆ ಮಾಡಿ ಅವ್ವನನ್ನು ಕರೆದುಕೊಂಡು ಬಂದಳು. ನೋಡಲು ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ತರಗತಿಯಲ್ಲಿ ಚಂದ್ರನ ಪಾಠ ಬಂದರೆ ಬೇಗ ಬೇಗ ಮುಗಿಸುತ್ತಿದ್ದಳು.

"ಅಕ್ಕೋರ, ಖರೇನ ಮನಷ್ಯಾರ ಅಲ್ಲಿ ಹೋಗಿದ್ರೇನ್ರಿ?" ಎಂದು ಮಕ್ಕಳು ಕೇಳುತ್ತಿದ್ದರು.

"ಹೋಗಿದ್ರು."

"ಹೆಂಗ ಗೊತ್ರಿ?"

ಫೋಟೋ ಇದೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಸಾವಿರಾರು ಜನ ಸೇರಿ ಕಳಿಸಿದ್ದರು, ಅವರನ್ನು ನಂಬಬೇಕು ಎನ್ನುತ್ತಿದ್ದಳು. ಹೇಳಿದ ಮೇಲೆ, ಇದು ಯಾರ ವಾದ ಎಂದು ನೆನಪಾಗಿ ಸೀಮೆಸುಣ್ಣದ ಕಡ್ಡಿ ಕೈಯಲ್ಲೇ ನಿಲ್ಲುತ್ತಿತ್ತು.

ಗೋಡೆಯಿಂದ ತೆಗೆದ ಫೋಟೋ ಪೆಟ್ಟಿಗೆಯ ತಳದಲ್ಲಿತ್ತು. ಎಸೆಯಲು ಆಗಲಿಲ್ಲ. ಅದರಲ್ಲಿ ಇಬ್ಬರಿದ್ದರು. ಒಬ್ಬ ಕಾಣುತ್ತಿದ್ದ, ಇನ್ನೊಬ್ಬ ಆ ಅಂಚುಗಳನ್ನು ಅಷ್ಟು ಮೃದುವಾಗಿ ತಿದ್ದಿದವನು. ಒಬ್ಬ ಸತ್ತಿದ್ದ. ಇನ್ನೊಬ್ಬನನ್ನು ಸತ್ತನೆಂದುಕೊಂಡು ಬದುಕಬೇಕಿತ್ತು. ಯಾವ ಕೆಮ್ಮು ಕೇಳಿದರೂ, ಯಾವ ಹೆಜ್ಜೆ ಕೇಳಿದರೂ ಈಗ ಅವಳು ಬಾಗಿಲಿಗೆ ಹೋಗುತ್ತಿರಲಿಲ್ಲ. ಹೋದರೆ ಯಾರಿಗಾಗಿ ಹೋದೆ ಎಂಬ ಅನುಮಾನ ಹುಟ್ಟುತ್ತಿತ್ತು.

೧೯೮೧ರ ಒಂದು ರವಿವಾರ. ಬೋರವ್ವ ಬಿಸಿಲಿಗೆ ಕುಳಿತು ಉಣ್ಣೆ ಹಿಂಜುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಕೈ ನಿಂತಿರಲಿಲ್ಲ.

"ಒಂದ ಕೇಳತೇನಿ, ಸಿಟ್ಟ ಮಾಡಬ್ಯಾಡ," ಎಂದಳು. "ಜಾತಿ ಬ್ಯಾರೆ ಅಂತ ನಾ ಬ್ಯಾಡ ಅಂದಿದ್ದಿಲ್ಲ. ಮತ್ತ ಆ ಹುಡುಗನ್ನ ಯಾಕ ಬಿಟ್ಟಿ?"

"ಬಿಡ ಅವ್ವಾ. ಅಣ್ಣ ಸತ್ತದ್ದ ಗೊತ್ತಿದ್ದೂ ಸುಳ್ಳ ಫೋಟೋ ಮಾಡಿ ನಮ್ಮ ಕೈಯಾಗ ಕೊಟ್ಟಂವ ಅಂವ."

ಬೋರವ್ವನ ಕೈ ನಿಂತಿತು.

"ಅದನ್ನ ಮಾಡಿಸಿದಾಕಿ ನಾ ಅಲ್ಲೇನ?"

ಪದ್ಮವ್ವ ತಿರುಗಿ ನೋಡಿದಳು.

"ಅಂವ ಹೇಳಲಿಲ್ಲೇನ ನಿನಗ?" ಬೋರವ್ವನ ದನಿ ಸಣ್ಣಗಾಯಿತು. "ಎಲ್ಲಾ ಹೇಳ್ಯಾನ, ನೀ ನನ್ನ ಮಾರಿ ನೋಡಿ ಸುಮ್ನ ಅದೀ ಅಂತ ತಿಳದಿದ್ನೆವ್ವಾ ನಾ..."

"ಏನ ಹೇಳಾಕತ್ತಿ ಅವ್ವಾ?"

"ಅಮಾತೆಪ್ಪ ಹಟ್ಟೀಗಿ ಬಂದ ನನ್ನ ಮುಂದ ಹೇಳಿ ಹ್ವಾದ. ಕನಕ ಹೋದಾ ಅಂತ. ನಾ ಅತ್ತರ ನೀ ಸಾಲಿ ಬಿಡತಿದ್ದಿ. ಅಳದಿದ್ರ ಗೋವಾಕ ಹೋಗತಿದ್ದಿ. ಯಾವ ಕಡೆ ನಿಂದರಲಿ ನಾ? ಕುರಿ ನಡಕ ಕುಂತ ಅತ್ತೆ. ಕುರಿ ಯಾರ ಮುಂದೂ ಹೇಳೂದಿಲ್ಲಲ್ಲ. ಆಮ್ಯಾಲೆ ಬಸ್ ಹತ್ತಿ ಇಳಕಲ್ಲಿಗೆ, ಕನಕ ಫೋಟೋ ತಗಿಸಿದ್ದ ಅಂಗಡಿಗೆ ಹ್ವಾದೆ. ನನ್ನ ಮಗನ್ನ ಸಮುದ್ರದ ಬಾಜೂಕ ನಿಂದರಿಸಿ ಕೊಡ ಅಂದೆ. ಅಂವ ಒಲ್ಲೆ ಅಂದ. ನಾ ಕಾಲ ಹಿಡಿಯಾಕ ಹ್ವಾದೆ. ನಿಮ್ಮ ಮಗಳ ಹೆಸರೇನ್ರಿ ಅಂತ ಕೇಳಿದ. ಹೇಳಿದೆ. ಆ ಹುಡುಗ ಹಂಗ ಕುಸದ ಕುಂತಬಿಟ್ಟ."

ಪದ್ಮವ್ವ ಅವ್ವನ ಪಕ್ಕಕ್ಕೆ ಬಂದು ಕುಳಿತಳು.

"ತರಾಕ ಹ್ವಾದಾಗ ನೋಡತೇನಿ, ಕಂಬಳಿ ಬಲಕ್ಕೈತಿ. ನನಗ ಎದಿ ಒಡದಂಗ ಆತು. ನಮ್ಮ ಮನಿ ಸಂಗತಿ ಅಂವಗೇನ ಗೊತ್ತು ಪಾಪ. ಹೇಳಿದ್ಮ್ಯಾಲೆ ಹೆದರಿ, ಬ್ಯಾರೆ ಮಾಡಿ ಕೊಡತೇನ್ರಿ ಅಂದ. ಬ್ಯಾಡ ಅಂದೆ. ಕನಕ ತಾನ ಬಂದ ಖರೆ ಹೇಳಾಕತ್ತಾನ, ಅಂವನ ಬಾಯಿ ನಾ ಹೆಂಗ ಮುಚ್ಚಲಿ? ಒಂದಿಲ್ಲೊಂದ ದಿನ ನನ್ನ ಮಗಳ ಇದನ್ನ ನೋಡತಾಳ, ಅಷ್ಟರಾಗ ಆಕಿ ಓದ ಮುಗಿಸಿ ಗಟ್ಟಿ ಆಗಿರತಾಳ ಅಂದೆ. ನಾ ಮಾಡಿಸಿದ್ದಂತ ಹೇಳಬ್ಯಾಡ, ನಮ್ಮವ್ವನೂ ಮೋಸಾ ಮಾಡಿದ್ಲು ಅಂತ ಆಕಿಗೆ ಅನಸಬಾರದು ಅಂದೆ. ಭಂಡಾರ ಹಿಡಿಸಿ ಭಾಷೆ ತಗೊಂಡೆ. ಆದ್ರೂ ನಿನ್ನ ಮುಂದ ಹೇಳಿರತಾನ ಅಂದಕೊಂಡಿದ್ದೆ. ಇಷ್ಟ ವರ್ಷ... ಯಾರರ ಇಷ್ಟ ವರ್ಷ ಬೈಸಿಕೊಂಡ ಸುಮ್ನ ಇರತಾರೇನವ್ವಾ?"

ಹಿಂಜಿದ ಉಣ್ಣೆ ಗಾಳಿಗೆ ಅಂಗಳದ ತುಂಬ ಹರಡಿತು. ಇಬ್ಬರೂ ಅದನ್ನು ಆರಿಸಲಿಲ್ಲ. ಪದ್ಮವ್ವ ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಕನಕಪ್ಪನಿಗಾಗಿ ತಾಯಿ ಮಗಳು ಕೂಡಿ ಅತ್ತದ್ದು ಅದೇ ಮೊದಲ ಸಲ.

* * *

ಮರುದಿನ ಶಾಲೆಗೆ ರಜೆ ಹೇಳಿ ಇಳಕಲ್ಲಿಗೆ ಹೋದಳು.

ಅಂಗಡಿ ಹಾಗೇ ಇತ್ತು. ಲಾಡಸಾಬ ಇನ್ನಷ್ಟು ಬಾಗಿದ್ದ. ಅವಳನ್ನು ಗುರುತಿಸಿ ಕಣ್ಣು ಅರಳಿಸಿದ.

"ಬರ್ರಿ ಅಕ್ಕೋರ. ಭಾಳ ದಿನಕ್ಕ ಬಂದ್ರಿ. ಒಳಗ ಅದಾನ ನೋಡ್ರಿ ನಿಮ್ಮ ಮೂಕಪ್ಪ. ಎಲ್ಲಾರ ಮಾರಿ ತಿದ್ದತಾನ, ತಂದೊಂದ ಬಿಟ್ಟು. ನಾ ಇನ್ನೊಂದ ಚಾ ಕುಡೀಬೇಕು ಅನ್ನರಿ."

ತಿಮ್ಮಣ್ಣ ಎದ್ದು ನಿಂತ. ಇಷ್ಟು ಬೇಗ ಕಿವಿಯ ಮೇಲೆ ಅಲ್ಲಲ್ಲಿ ನರೆ. ಬೆರಳ ತುದಿಯ ಕಂದು ಹೋಗಿರಲಿಲ್ಲ.

"ಬರಬ್ಯಾಡ ಅಂದಿದ್ರಿ," ಎಂದ. "ಅದಕ್ಕ ಬರಲಿಲ್ಲ."

"ನಾ ಬಂದೇನಲ್ಲ."

ಇಬ್ಬರ ನಡುವೆ ಒಂದು ಮೇಜಿತ್ತು, ಅದರ ಮೇಲೆ ಯಾರದೋ ಮಗುವಿನ ಚಿತ್ರ ಒಣಗುತ್ತಿತ್ತು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆದುರಿದವು. ಅವನೇ ಹೇಳಲಿ... ಒಂದು ಸಲ ತನ್ನ ಬಾಯಿಂದ ಹೇಳಿ ಭಾರ ಇಳಿಸಿಕೊಳ್ಳಲಿ.

"ಇನ್ನೊಂದ ಸಲ ಕೇಳತೇನಿ, ತಿಮ್ಮಣ್ಣಾ. ಸಿಟ್ಟಿನಿಂದ ಅಲ್ಲ. ಆ ಫೋಟೋ ಯಾರ ಮಾಡಿಸಿದ್ರು?"

ಅವನು ಅವಳ ಕಣ್ಣುಗಳನ್ನು ನೋಡಿದ. ಅಲ್ಲಿ ಏನು ಕಂಡನೋ. ಮೆಲ್ಲಗೆ ತಲೆಯಾಡಿಸಿದ.

"ನಾನ ಮಾಡಿದೆ, ಪದ್ಮಾ."

ಅವಳಿಗೆ ನಗು ಬಂತು, ಕಣ್ಣೀರೂ ಬಂತು. ಯಾವುದನ್ನೂ ತಡೆಯಲಿಲ್ಲ.

"ನಿಮಗ ಖರೆ ಹೇಳಾಕ ಯಾರೂ ಕಲಿಸಲಿಲ್ಲೇನು?"

"ಫೋಟೋ ಅಂಗಡ್ಯಾಗ ಬೆಳದೇನಲ್ರಿ."

"ಇನ್ನ ರಿ ಅನ್ನಬ್ಯಾಡ್ರಿ ನನಗ."

"ನೀವೂ ಅನ್ನಾಕತ್ತೀರಿ."

ಅವಳು ಮೇಜು ಸುತ್ತಿ ಬಂದು ಅವನ ಕೈ ಹಿಡಿದಳು.

"ಅವ್ವ ನಿನ್ನ ಕರಕೊಂಡ ಬಾ ಅಂದಾಳ."

ಅವನ ಮುಖದಲ್ಲಿ ಹೆದರಿಕೆ ಸುಳಿಯಿತು. "ಅವ್ವ... ಏನಂದ್ರು?"

"ಉಣ್ಣಾಕ ಕರಕೊಂಡ ಬಾ ಅಂದ್ಲು. ಅಷ್ಟ."

"ಖರೇನ ಅಷ್ಟೇನ?"

"ಅಷ್ಟ," ಎಂದಳು ಪದ್ಮವ್ವ. "ನಡಿ, ಬಸ್ ತಪ್ಪತೈತಿ."

ಮುಂದಿನ ತಿಂಗಳು ಅವರ ಮದುವೆಯಾಯಿತು. ಬೋರವ್ವ ಮಗಳು ಅಳಿಯನ ಜೊತೆ ಬಹಳ ವರ್ಷ ಬಾಳಿ ಕಣ್ಮುಚ್ಚಿದಳು. ಪದ್ಮವ್ವ ಮತ್ತೆ ಆ ಪ್ರಶ್ನೆ ಕೇಳಲಿಲ್ಲ, ತನಗೆ ಗೊತ್ತೆಂದು ತೋರಿಸಿಕೊಳ್ಳಲೂ ಇಲ್ಲ. ಆ ಫೋಟೋವನ್ನು ಮಾಡಿಸಿದವಳು ಬೋರವ್ವ ಎಂದು ತಿಮ್ಮಣ್ಣ ತನ್ನ ಹೆಂಡತಿಗೆ ಎಂದೂ ಹೇಳಲಿಲ್ಲ.